ನೀರಿನ ಕೆಳಗೆ 'ಆರಾಮ' ಅಂತ ಸುಳ್ಳು ಹೇಳಬಾರದು

(ನಮ್ಮ ಬಳಗದ ರಾಜ್ಯೋತ್ಸವ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಟೆಸ್ಟರ್ ಹಿಡಿದು ರೂಢಿ, ಮೈಕ್ ಹಿಡಿದು ರೂಢಿ ಇಲ್ಲ. ಇಷ್ಟು ವರ್ಷ ಈ ವೇದಿಕೆ ಹತ್ತಿದ್ದು ಮೈಕ್ ಕೆಟ್ಟಾಗ ಮಾತ್ರ. ಈ ಸಲ ಕಾರ್ಯದರ್ಶಿಗಳು "ವಟಾಮುಗೆ ಹೋಗಿ ಬಂದ್ರಲ್ಲ, ಹತ್ತು ನಿಮಿಷ ಅದನ್ನೇ ಹೇಳು" ಅಂದ್ರು. ಅದಕ್ಕೆ ನಿಂತಿದ್ದೀನಿ.

ನಾನು ರಾಣೆಬೆನ್ನೂರು ಕಡೆಯವನು. ನಮಗೆ ನೀರು ಅಂದ್ರೆ ತುಂಗಭದ್ರೆ, ಅದೂ ಬೇಸಿಗೆಯಲ್ಲಿ ಮೊಣಕಾಲಷ್ಟು. ಒಂದು ದಿನದಲ್ಲಿ ಮುರ್ಡೇಶ್ವರಕ್ಕೆ ಹೋಗಿಬರಬಹುದು, ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಬೆಂಗಳೂರಿನವರು ಡೈವಿಂಗ್‌ಗೆ ಹೋಗ್ತಾರೆ ಅಂತ ಕೇಳಿದ್ದೆ. ಅದು ದುಡ್ಡಿದ್ದವರ ಆಟ ಅಂತ ಬಿಟ್ಟಿದ್ದೆ. ಕೊನೆಗೆ ನಾನು ಸಮುದ್ರದೊಳಗೆ ಇಳಿದದ್ದು ಅದೇ ಸಮುದ್ರದ ಆಚೆ ದಡದಲ್ಲಿ.

ವಟಾಮು ಮೊಂಬಾಸಾದಿಂದ ಉತ್ತರಕ್ಕೆ ನೂರು ಚಿಲ್ಲರೆ ಕಿಲೋಮೀಟರ್, ಮಾಲಿಂದಿಗಿಂತ ಸ್ವಲ್ಪ ಮೊದಲೇ ಸಿಗುವ ಮೀನುಗಾರರ ಊರು. ಅದರ ಮುಂದಿನ ಸಮುದ್ರವನ್ನು 1968ರಲ್ಲೇ ಸರ್ಕಾರ ಮರೈನ್ ಪಾರ್ಕ್ ಮಾಡಿತು. ಪಾರ್ಕಿನ ಒಳಗೆ ಮೀನು ಹಿಡಿಯುವ ಹಾಗಿಲ್ಲ, ಹೊರಗಿನ ರಿಸರ್ವ್ ಭಾಗದಲ್ಲಿ ಹಳೇ ಪದ್ಧತಿಯಲ್ಲಿ ಹಿಡಿಯಬಹುದು. ಹಾಗಾಗಿ ಅಪ್ಪ ಬಲೆ ಹಾಕ್ತಾನೆ, ಮಗ ಡೈವಿಂಗ್ ಗೈಡ್ ಆಗಿರ್ತಾನೆ. ನಮ್ಮ ಗೈಡ್ ಹುಡುಗನೂ ಅಂಥವನೇ.

ನಾವು ಆರು ಜನ. ಫೆಬ್ರವರಿಯ ಒಂದು ಶುಕ್ರವಾರ ಕೆಲಸ ಮುಗಿಸಿ ರಾತ್ರಿ 10ರ ಮಡರಾಕ ಎಕ್ಸ್‌ಪ್ರೆಸ್ ಹತ್ತಿದ್ವಿ. ಬೆಳಗಿನ ಜಾವ ಮೊಂಬಾಸಾ, ಅಲ್ಲಿಂದ ಬಾಡಿಗೆ ವ್ಯಾನ್, ಗೆಡೆ ಜಂಕ್ಷನ್‌ನಲ್ಲಿ ಬಲಕ್ಕೆ ತಿರುಗಿದರೆ ವಟಾಮು. ಫೆಬ್ರವರಿಯಲ್ಲಿ ಕಾಸ್ಕಾಝಿ ಗಾಳಿ ಇರುತ್ತೆ, ನೀರು ತಿಳಿಯಾಗಿರುತ್ತೆ. ಈ ಗಾಳಿ ನಮ್ಮ ದೇಶದ ಕಡೆಯಿಂದ ಬೀಸುವಂಥದ್ದು. ಹಾಯಿ ಹಡಗುಗಳು ಇದರ ಜೊತೆ ಇಲ್ಲಿಗೆ ಬಂದು, ಗಾಳಿ ತಿರುಗಿ ಕುಸಿ ಶುರುವಾದ ಮೇಲೆ ವಾಪಸ್ ಹೋಗ್ತಿದ್ವಂತೆ. ವಾಸ್ಕೋ ಡ ಗಾಮ 1498ರ ಏಪ್ರಿಲ್‌ನಲ್ಲಿ ಮಾಲಿಂದಿಯಿಂದ ಹೊರಟು ಮೇ 20ಕ್ಕೆ ಕಲ್ಲಿಕೋಟೆ ಮುಟ್ಟಿದ.

ಈಜು ಬರದವನು ಡೈವ್ ಹೇಗೆ ಮಾಡಿದ ಅಂತ ಕೇಳಬೇಡಿ, ಈಜು ಬರುತ್ತೆ. ಆದರೆ ಭಯ ಇತ್ತು. ಮೊದಲು ಆರೋಗ್ಯದ ಫಾರಂ ತುಂಬಿಸ್ತಾರೆ, ಆಮೇಲೆ ಎದೆಮಟ್ಟದ ನೀರಲ್ಲಿ ಪಾಠ. ಸಿಲಿಂಡರ್‌ಗೆ ಒಂದು ಗೇಜ್. ತುಂಬಿದಾಗ 200 ಬಾರ್, 50ಕ್ಕೆ ಬರುವಷ್ಟರಲ್ಲಿ ಮೇಲಿರಬೇಕು. ಥೇಟ್ ನಮ್ಮ ಮನೆ ಕರೆಂಟ್ ಟೋಕನ್. ಒಂದೇ ವ್ಯತ್ಯಾಸ, ಖಾಲಿಯಾದ್ರೆ ಎಂ-ಪೆಸಾದಲ್ಲಿ ಹಾಕ್ಸಕ್ಕಾಗಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿ. ಮೇಲೆ ಊದಿದ ಬಲೂನು 10 ಮೀಟರ್ ಕೆಳಗೆ ಅರ್ಧ ಆಗುತ್ತೆ. ಕಿವಿಯೊಳಗಿನ ಗಾಳಿಯೂ ಹಾಗೇ ಕುಗ್ಗುತ್ತೆ. ಅದಕ್ಕೇ ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸ್ಕೋಬೇಕು. ಉಸಿರು ಮಾತ್ರ ಯಾವತ್ತೂ ಕಟ್ಟಿ ಹಿಡಿಯಬಾರದು.

ಇನ್ನು ಕೈ ಸನ್ನೆಗಳು. ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತ ಅಲ್ಲ, 'ಮೇಲೆ ಹೋಗೋಣ' ಅಂತ. ಹೆಬ್ಬೆರಳು-ತೋರುಬೆರಳು ಸೇರಿಸಿ ಸುತ್ತು ಮಾಡಿದರೆ 'ಸರಿ ಇದ್ದೀನಿ'. ಅಂಗೈ ಕೆಳಗೆ ಮಾಡಿ ಅತ್ತಿತ್ತ ಆಡಿಸಿದರೆ 'ಏನೋ ಸರಿ ಇಲ್ಲ'. ಆಮೇಲೆ ಎಲ್ಲಿ ತೊಂದರೆ ಅಂತ ಬೆರಳು ತೋರಿಸಬೇಕು. ಇನ್ನೊಂದು ನಿಯಮ, ಯಾರೂ ಒಬ್ಬರೇ ಇಳಿಯೋ ಹಾಗಿಲ್ಲ, ಜೋಡಿ ಇರಲೇಬೇಕು. ಐಟಿಐನಲ್ಲಿ ನಮ್ಮ ಮೇಷ್ಟ್ರು ಹೇಳ್ತಿದ್ದದ್ದೂ ಅದೇ, ಲೈನ್ ಮೇಲೆ ಒಬ್ಬನೇ ಹತ್ತಬೇಡ.

ಇಳಿದ್ವಿ. ನಾಲ್ಕು ಮೀಟರ್ ಹೋಗಿರಬೇಕು, ಎಡಗಿವಿಗೆ ಸೂಜಿ ಚುಚ್ಚಿದ ಹಾಗೆ ಆಯ್ತು. ಊದಿದೆ, ಬಿಡಲಿಲ್ಲ. ಅಷ್ಟರಲ್ಲಿ ಗೈಡ್ ನನ್ನ ಮುಖ ನೋಡಿ 'ಸರಿನಾ?' ಅಂತ ಸನ್ನೆ ಮಾಡಿದ. ನಾನು 'ಸರಿ' ಅಂತ ಸುತ್ತು ಮಾಡಿ ತೋರಿಸಿದೆ. ಯಾಕೆ ತೋರಿಸಿದೆ ಅಂತ ನನಗೂ ಗೊತ್ತಿಲ್ಲ. ಕೈ ತಾನಾಗೇ ಹೋಯ್ತು.

ಆ ಹುಡುಗ ನಂಬಲಿಲ್ಲ. ನನ್ನ ಭುಜ ಹಿಡಿದು ಒಂದು ಮೀಟರ್ ಮೇಲೆತ್ತಿದ, ತನ್ನ ಮೂಗು ಹಿಡಿದು ಮತ್ತೆ ಊದು ಅಂತ ತೋರಿಸಿದ. ಎರಡು ಸಲ ಊದಿದ ಮೇಲೆ ಟಕ್ ಅಂತ ಬಿಡ್ತು. ಆಮೇಲೆ ಹತ್ತು ಮೀಟರ್‌ವರೆಗೂ ಹೋದ್ವಿ. ಹವಳದ ಸಂದಿಯಿಂದ ಬಾಯಿ ತೆರೆದು ನೋಡುವ ಈಲ್, ಹವಳವನ್ನು ಕಟಕಟ ಕಡಿಯುವ ಗಿಳಿಮೀನು ನೋಡಿದೆ. ಅಷ್ಟು ಜೀವ ಇದ್ದರೂ ನನ್ನ ಉಸಿರಿನ ಸದ್ದು ಒಂದೇ ಜೋರಾಗಿ ಕೇಳೋದು. ಕೆಲವು ಕಡೆ ಹವಳ ಸತ್ತು ಬರೀ ಕಲ್ಲಾಗಿತ್ತು. 1998ರಲ್ಲಿ ನೀರು ಬಿಸಿಯಾಗಿ ಈ ಕರಾವಳಿಯ ಹವಳ ಬಹಳಷ್ಟು ಬಿಳಿಚಿ ಸತ್ತಿತ್ತು. ಕೆಲವು ಕಡೆ ಮತ್ತೆ ಬೆಳೀತಿದೆ.

ದೋಣಿ ಹತ್ತಿದ ಮೇಲೆ ಬೈಗುಳ ಶುರು. "ಫುಂಡಿ, ಕಿವಿ ಹರಿದಿದ್ರೆ ಏನ್ ಮಾಡ್ತಿದ್ದೆ? ಮೇಲೆ ಬೇಕಾದಷ್ಟು ಸುಳ್ಳು ಹೇಳು, ನೀರಿನ ಕೆಳಗೆ ಹೇಳಬೇಡ. ಸರಿ ಅಂತ ತೋರಿಸಿದವನನ್ನ ಯಾರು ಬಂದು ಕಾಪಾಡ್ತಾರೆ?" ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ತಲೆ ತಗ್ಗಿಸಿ ಕೇಳಿದೆ.

ಆಮೇಲೆ ಅವನು ಕೇಳಿದ ಮೊದಲ ಪ್ರಶ್ನೆ, "ನೈರೋಬಿಗೆ ಯಾವಾಗ ವಾಪಸ್?" ಇದನ್ನ ನೀವೂ ನೆನಪಿಡಿ, ಉಪಯೋಗಕ್ಕೆ ಬರುತ್ತೆ. ಆಳದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿರುತ್ತೆ. ಬೇಗ ಮೇಲೆ ಬಂದ್ರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತೆ. ಅದಕ್ಕೇ ಪೋಲೆ ಪೋಲೆ, ನಿಧಾನ ಬರಬೇಕು, ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಂತು. ಒಂದೇ ಡೈವ್ ಆದರೂ ವಿಮಾನ ಹತ್ತಲು ಕನಿಷ್ಠ 12 ಗಂಟೆ ಬಿಡಬೇಕು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರ. ರೈಲಲ್ಲಿ ಹೋದರೂ ಅದು ಬೆಟ್ಟ ಹತ್ತಿದ ಹಾಗೇ. ನಾವು 10 ಗಂಟೆಗೆ ಮುಂಚೆ ನೀರಿಂದ ಹೊರಗೆ ಬಂದಿದ್ವಿ, ರೈಲು ರಾತ್ರಿ 10ಕ್ಕೆ. ಲೆಕ್ಕ ಸರಿಹೋಯ್ತು.

ಆ ಹೊತ್ತಲ್ಲಿ ಊರು ನೋಡಿದ್ವಿ, ಮೀನು-ಅನ್ನ ಉಂಡ್ವಿ, ಗೆಡಿಯ ಹಾಳು ಪಟ್ಟಣಕ್ಕೂ ಹೋದ್ವಿ. ಅಲ್ಲಿ ಅಗೆದಾಗ ಚೀನಾದ ಹೂದಾನಿ, ವೆನಿಸ್‌ನ ಮಣಿ, ನಮ್ಮ ಭಾರತದ ಒಂದು ಕಬ್ಬಿಣದ ದೀಪ ಸಿಕ್ಕಿತಂತೆ. ಕರೆಂಟಿನವನಿಗೆ ದೀಪದ ವಿಷಯ ತಲೇಲಿ ಉಳೀತು. ವಟಾಮುವಿನ ಮೀನುಗಾರರ ಬಲೆಗೆ ಆಮೆ ಸಿಕ್ಕಿದರೆ ಅವರು ಅಲ್ಲಿನ ಆಮೆ ಕಾಪಾಡುವ ಸಂಸ್ಥೆಗೆ ಫೋನ್ ಮಾಡ್ತಾರೆ. ಅವರು ಬಂದು, ಗಾಯ ನೋಡಿ, ಸಮುದ್ರಕ್ಕೆ ಬಿಡ್ತಾರೆ, ಮೀನುಗಾರನಿಗೆ ಒಂದಿಷ್ಟು ದುಡ್ಡು ಕೊಡ್ತಾರೆ.

ವಾಪಸ್ ರೈಲಲ್ಲಿ ನಮ್ಮವನೊಬ್ಬ ತಮಾಷೆಗೆ ಅಂದ, "ಆಮೆಗೂ ಫೋನ್ ಮಾಡೋರು ಇದ್ದಾರಲ್ಲೋ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಕೆಲಸದಲ್ಲಿ ನನಗೆ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಯಾವ ಕೆಲಸ, ಯಾರು ಅನ್ನೋದು ಬೇಡ. ಪ್ರತಿ ಭಾನುವಾರ ಅವ್ವ ಫೋನ್‌ನಲ್ಲಿ "ಆರಾಮ ಇದೀಯೇನೋ?" ಅಂತಿದ್ಲು, "ಆರಾಮ ಅವ್ವ" ಅಂತಿದ್ದೆ. ಪಕ್ಕದ ರೂಮಲ್ಲಿ ನಮ್ಮ ಕಡೆಯವನೇ ಒಬ್ಬ ಇದ್ದ, ಬೇರೆ ಸೈಟು. ದಿನಾ ನಲ್ಲಿ ಹತ್ರ ಸಿಗ್ತಿದ್ವಿ. "ಆರಾಮ?" "ಆರಾಮ." ಒಂದು ದಿನ ನನ್ನ ಡ್ರಿಲ್ ಮಷಿನ್ ಮಾರಬೇಕು ಅಂತ ಲುಥುಲಿ ಅವೆನ್ಯೂಗೆ ಹೋದೆ. ಅಂಗಡಿ ಮುಂದೆ ಅವನು ನಿಂತಿದ್ದ, ಕೈಯಲ್ಲಿ ಮಲ್ಟಿಮೀಟರ್. ಅವನಿಗೂ ಮೂರು ತಿಂಗಳಿಂದ ಸಂಬಳ ಇರಲಿಲ್ಲ. ನಡುವೆ ಒಂದು ಗೋಡೆ ಇಟ್ಟುಕೊಂಡು ಇಬ್ಬರೂ ಉಪವಾಸ ಮಲಗ್ತಿದ್ವಿ.

ಇದನ್ನ ಅವತ್ತು ರೈಲಲ್ಲಿ ಮೊದಲ ಸಲ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇನ್ನೊಬ್ಬ ತನ್ನದು ಹೇಳಿದ. ಅದು ಅವನ ಮಾತು, ಇಲ್ಲಿ ಹೇಳಲ್ಲ. ಆದರೆ ಸೋಮವಾರವೇ ನಾವು ಇಬ್ಬರು ಅವನ ಜೊತೆ ಹೋದ್ವಿ, ಅರ್ಧ ಕೆಲಸ ಆಯ್ತು, ಇನ್ನರ್ಧ ಆಗ್ತಿದೆ.

ಮನೆಯವರಿಗೆ ಎಲ್ಲಾ ಹೇಳಿ ಅಂತ ನಾನು ಹೇಳಲ್ಲ. ಐದು ಸಾವಿರ ಕಿಲೋಮೀಟರ್ ದೂರ ಕೂತು ಅವ್ವ ಏನು ಮಾಡ್ತಾಳೆ, ಅಳ್ತಾಳೆ ಅಷ್ಟೆ. ಆದರೆ ಇಲ್ಲೇ ಇರೋರಿಗೆ ಹೇಳಬಹುದಲ್ಲ. ಅದಕ್ಕೆ ಒಂದು ಸಣ್ಣ ಕೋರಿಕೆ. ಹಿಂದಿನ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೀನಿ. ಹೆಸರು, ನಂಬರ್ ಬರೀರಿ. ಇಬ್ಬಿಬ್ಬರನ್ನ ಜೋಡಿ ಮಾಡ್ತೀವಿ. ವಾರಕ್ಕೆ ಒಂದು ಫೋನ್. 'ಆರಾಮ' ಅಂದ್ರೆ ಇನ್ನೊಂದು ಸಲ ಕೇಳಿ. ಆ ಹುಡುಗ ನನ್ನ ಕೈ ನೋಡಿ ಬಿಟ್ಟಿದ್ರೆ ನನ್ನ ಕಿವಿ ಹೋಗ್ತಿತ್ತು, ಮುಖ ನೋಡಿದ, ಉಳೀತು.

ಹೊತ್ತಾಯ್ತು, ಹೋಳಿಗೆ ವಾಸನೆ ಬರ್ತಿದೆ. ಊಟಕ್ಕೆ ಹೋಗೋ ದಾರಿಯಲ್ಲೇ ಆ ಮೇಜಿದೆ. ಪೆನ್ನೂ ಇದೆ.