ಗರ್ಭಿಣಿಗೆ ಸೀತಾಳೆ ಸಿಡುಬು ತಗುಲಿದರೆ



ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಮಕ್ಕಳ ಕಾಯಿಲೆಯೆಂಬುದು ನಮ್ಮಲ್ಲಿ ಹೆಚ್ಚಿನವರ ಭಾವನೆ. ಮಕ್ಕಳಲ್ಲಿ ಅದು ಸಾಮಾನ್ಯವಾಗಿ ತಾನಾಗಿಯೇ ಗುಣವಾಗುತ್ತದೆ. ಆದರೆ ಅದೇ ಮನೆಗೆ ಮಗಳು ಹೆರಿಗೆಗೆಂದು ಬಂದಿದ್ದರೆ? ಭಟ್ಕಳ, ಹೊನ್ನಾವರ, ಕುಮಟಾಗಳ ತುಂಬು ಕುಟುಂಬಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ನಮ್ಮಂತಹ ಉಷ್ಣ ಪ್ರದೇಶಗಳಲ್ಲಿ ಬಾಲ್ಯದಲ್ಲಿ ಈ ರೋಗ ಬಾರದೆ ಪ್ರಾಯಕ್ಕೆ ಬಂದವರು ಶೀತ ದೇಶಗಳಿಗಿಂತ ಹೆಚ್ಚು.

ಗರ್ಭದ ಮೊದಲ 20 ವಾರಗಳಲ್ಲಿ ಸೋಂಕು ತಗುಲಿದರೆ ಶಿಶುವಿನ ಚರ್ಮದಲ್ಲಿ ಕಲೆಗಳು, ಕೈಕಾಲುಗಳ ಕುಂಠಿತ ಬೆಳವಣಿಗೆ, ಕಣ್ಣು ಮತ್ತು ಮೆದುಳಿನ ದೋಷಗಳು ಉಂಟಾಗಬಹುದು. ಇದರ ಸಾಧ್ಯತೆ ಹೆಚ್ಚೆಂದರೆ ನೂರಕ್ಕೆ ಸುಮಾರು ಎರಡು. ಭೀತಿಯಿಂದ ಗರ್ಭವನ್ನೇ ತೆಗೆಸಲು ಹೊರಡುವುದು ಅವಿವೇಕ. ತಜ್ಞರಿಂದ ಸ್ಕ್ಯಾನಿಂಗ್ ಮಾಡಿಸಿಕೊಳ್ಳಲಿ.

ಹೆರಿಗೆಯ ಆಸುಪಾಸಿನ ಅಪಾಯ ಇನ್ನೂ ದೊಡ್ಡದು. ಹೆರಿಗೆಗೆ 5 ದಿನ ಮುಂಚಿನಿಂದ 2 ದಿನ ನಂತರದವರೆಗಿನ ಅವಧಿಯಲ್ಲಿ ತಾಯಿಗೆ ಗುಳ್ಳೆಗಳೆದ್ದರೆ ವೈರಸ್ ಮಗುವಿಗೆ ತಲಪಬಹುದು. ಅದನ್ನೆದುರಿಸುವ ತಾಯಿಯ ರೋಗನಿರೋಧಕ ಶಕ್ತಿ ಮಾತ್ರ ತಲಪಿರುವುದಿಲ್ಲ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಹೀಗೆ ರೋಗಕ್ಕೀಡಾದ ಶಿಶುಗಳಲ್ಲಿ ನೂರಕ್ಕೆ ಸುಮಾರು 30 ಅಸುನೀಗುತ್ತಿದ್ದವು. ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಮತ್ತು ಅಸೈಕ್ಲೋವಿರ್ ಔಷಧಿಯಿಂದ ಈ ಪ್ರಮಾಣ ಬಹಳಷ್ಟು ಇಳಿದಿದೆ.

ಆದರೆ ಅಂತಹ ಶಿಶುವನ್ನು ಎಲ್ಲಿಗೆ ಒಯ್ಯಬೇಕು? ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಕುಮಟಾದಿಂದ ಇನ್ನೂ ದೂರ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಮೃತಪಟ್ಟರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಜನರ ಕೂಗು ಆಗ ಇನ್ನಷ್ಟು ತೀವ್ರವಾಯಿತು. ಚುನಾವಣೆ ಬಂದಾಗಲೆಲ್ಲ ಆಶ್ವಾಸನೆಗಳಿಗೇನೂ ಬರವಿಲ್ಲ.

ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ರೋಗಿಯ ಭೇಟಿ ಪುಣ್ಯಕಾರ್ಯ, ಸಂದೇಹವಿಲ್ಲ. ಆದರೆ ರೋಗಗ್ರಸ್ತ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿ ತರಬಾರದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಮನೆಯಲ್ಲಿ ಸೀತಾಳೆ ಇದ್ದರೆ ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆಗಟ್ಟುವವರೆಗೆ ಗರ್ಭಿಣಿಯನ್ನು ಆ ಮನೆಗೆ ಕರೆಯಬೇಡಿ, ಕಾಯಿಲೆಯನ್ನು ನೆರೆಹೊರೆಯವರಿಂದ ಮುಚ್ಚಿಡಬೇಡಿ.

ಲಸಿಕೆಯಿದೆ. ಸರಕಾರದ ಉಚಿತ ಪಟ್ಟಿಯಲ್ಲಿ ಅದಿಲ್ಲ, ಹಣ ಕೊಟ್ಟು ಹಾಕಿಸಬೇಕು. ಮದುವೆಯ ಔತಣಕ್ಕೆ ಲಕ್ಷಗಟ್ಟಲೆ ಸುರಿಯುವವರು, ರೋಗ ಬಾರದ ಮಗಳಿಗೆ ಮದುವೆಗೆ ಮೊದಲೇ ಎರಡು ಡೋಸ್ ಹಾಕಿಸಲು ಹಿಂಜರಿಯಬೇಕೇ? ಗರ್ಭಿಣಿಯಾದ ಮೇಲೆ ಈ ಲಸಿಕೆ ಕೊಡುವಂತಿಲ್ಲ.

ಸೀತಾಳೆ ಬಾರದ ಗರ್ಭಿಣಿ ರೋಗಿಯ ಸಂಪರ್ಕಕ್ಕೆ ಬಂದಿದ್ದರೆ ಗುಳ್ಳೆ ಏಳುವವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಿ. ಇಮ್ಯುನೋಗ್ಲಾಬ್ಯುಲಿನ್ ಉಪಯೋಗಕ್ಕೆ ಬರುವುದು ಸಂಪರ್ಕದ 10 ದಿನಗಳೊಳಗೆ ಮಾತ್ರ. ಹೊರಡುವ ಮುನ್ನ ಫೋನ್ ಮಾಡಿ. ಬೇರೆ ಗರ್ಭಿಣಿಯರು ಕುಳಿತಿರುವ ಕೊಠಡಿಯಲ್ಲಿ ಆಕೆಯನ್ನು ಕೂರಿಸಬೇಡಿ.