ಗೆದ್ದವನು ಕೊಟ್ಟ ಬೆಲ್ಟ್

ಅಮೆರಿಕದಲ್ಲಿ ಸಾಮಾನು ಹೇರುವ ಪಿಕಪ್ ಟ್ರಕ್ಕನ್ನೇ ಓಟಕ್ಕಿಳಿಸುವವರಿದ್ದಾರೆ. ಫೋರ್ಡ್ ಲೈಟ್ನಿಂಗ್ ಪಿಕಪ್‌ಗೆ 2001ರಿಂದ 2004ರವರೆಗೆ 380 ಅಶ್ವಶಕ್ತಿ ಇತ್ತು. 2004ರಲ್ಲಿ ಬಂದ ಡಾಡ್ಜ್ ರ‍್ಯಾಮ್ ಎಸ್‌ಆರ್‌ಟಿ-10ಕ್ಕೆ ವೈಪರ್ ಕಾರಿನ ಎಂಜಿನ್, 500 ಅಶ್ವಶಕ್ತಿ. ಲೈಟ್ನಿಂಗ್ ಮಾಲೀಕರು ಸುಮ್ಮನಿರುತ್ತಾರೆಯೇ? ಸೂಪರ್‌ಚಾರ್ಜರಿನ ಪುಲ್ಲಿ ಬಿಚ್ಚಿ ಚಿಕ್ಕದನ್ನು ಕೂರಿಸುತ್ತಾರೆ. ಆಗ ಸೂಪರ್‌ಚಾರ್ಜರ್ ಇನ್ನೂ ಜೋರಾಗಿ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಓಟ ಕಾಲು ಮೈಲಿ, ಸುಮಾರು 402 ಮೀಟರ್. ಬೀದಿಯಲ್ಲಲ್ಲ, ಅದಕ್ಕೆಂದೇ ಇರುವ ಟ್ರ್ಯಾಕಿನಲ್ಲಿ. ಟ್ರಕ್ಕಿನ ಹಿಂಭಾಗ ಖಾಲಿ, ಹಗುರ. ಹೊರಡುವಾಗಲೇ ಚಕ್ರ ಜಾರುತ್ತದೆ. ಅದಕ್ಕೇ ಮೊದಲು ಟೈರನ್ನು ನಿಂತಲ್ಲೇ ಗಿರಗಿರನೆ ತಿರುಗಿಸಿ ಕಾಯಿಸುತ್ತಾರೆ.

ನನ್ನ ಮನಸ್ಸು ತುಂಬುವುದು ಓಟ ಮುಗಿದ ಮೇಲಿನ ಹೊತ್ತು. ಸಮಯ ಮುದ್ರಿಸಿದ ಚೀಟಿ ಹಿಡಿದು, ಬಾನೆಟ್ ಎತ್ತಿ, ಗೆದ್ದವನು, ಸೋತವನು ಇಬ್ಬರೂ ಒಂದೇ ಎಂಜಿನ್ನಿನ ಮೇಲೆ ಬಗ್ಗುತ್ತಾರೆ. ಟೈರಿನಲ್ಲಿ ಎಷ್ಟು ಗಾಳಿ ಇಟ್ಟಿದ್ದೆನೆಂದು ಗೆದ್ದವನು ಬಚ್ಚಿಡದೆ ಹೇಳುತ್ತಾನೆ. ಸೋತವನ ಎಂಜಿನ್ನಿನ ಬೆಲ್ಟ್ ಸವೆದಿದ್ದರೆ ತನ್ನಲ್ಲಿದ್ದ ಹೊಸದನ್ನೇ ಕೊಟ್ಟು, ಮುಂದಿನ ಸರದಿಗೆ ಕರೆಯುತ್ತಾನೆ.