ಹಸು ಬೂಸಾ ಬಿಟ್ಟ ದಿನ



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಇವತ್ತು ಹಸುವಿನ ಹಸಿವಿನ ಬಗ್ಗೆ ಎರಡು ಮಾತು ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ಜನರ ಫೀಜು, ಪುಸ್ತಕ ಬಂದದ್ದು ಡೈರಿಗೆ ಹಾಕಿದ ಹಾಲಿನಿಂದಲೇ.

ಚೆನ್ನಾಗಿದ್ದ ಹಸು ಒಂದು ಬೆಳಿಗ್ಗೆ ಬೂಸಾ ಮೂಸಿ ಬಿಡುತ್ತದೆ. ಮೆಲುಕು ಕಡಿಮೆ, ಹಾಲೂ ಸ್ವಲ್ಪ ಕಡಿಮೆ. ದೃಷ್ಟಿಯಾಗಿದೆ ಎನ್ನುತ್ತೇವೆ, ಅಜೀರ್ಣವೆಂದು ಕಷಾಯ ಕುಡಿಸುತ್ತೇವೆ. ಆದರೆ ಕಾರಣ ಅಂಡಾಶಯದಲ್ಲೂ ಇರಬಹುದು. ಅಲ್ಲಿ ಅಂಡ ಬಲಿಯುವಾಗ ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತದಲ್ಲಿ ಏರುತ್ತದೆ. ಹಸುವನ್ನು ಬೆದೆಗೆ ತರುವುದೂ ಅದೇ, ಮೇವಿನ ಆಸೆ ತಗ್ಗಿಸುವುದೂ ಅದೇ. ಬೆದೆಯ ಚಡಪಡಿಕೆಯೂ ಇದಕ್ಕೆ ಸೇರಿಕೊಳ್ಳುತ್ತದೆ.

ಇದನ್ನು ವಿಜ್ಞಾನಿಗಳು ಇಲಿಗಳಲ್ಲಿ ಚೆನ್ನಾಗಿ ಪರೀಕ್ಷಿಸಿದ್ದಾರೆ. ಹೆಣ್ಣಿಲಿ 4-5 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ರಾತ್ರಿ ಅದು ಕಡಿಮೆ ತಿನ್ನುತ್ತದೆ. ಅಂಡಾಶಯ ತೆಗೆದರೆ ಹೆಚ್ಚು ತಿಂದು ದಪ್ಪವಾಗುತ್ತದೆ. ಈಸ್ಟ್ರೋಜನ್ ಕೊಟ್ಟರೆ ಮತ್ತೆ ಹತೋಟಿಗೆ ಬರುತ್ತದೆ. ಈ ಹಾರ್ಮೋನು ಮಿದುಳಿಗೆ 'ಹೊಟ್ಟೆ ತುಂಬಿತು' ಎಂಬ ಸುದ್ದಿಯನ್ನು ಬೇಗ ಮುಟ್ಟಿಸುತ್ತದೆ. ಹಾಗಾಗಿ ಒಂದೊಂದು ಸಲ ತಿನ್ನುವ ಪ್ರಮಾಣ ತಗ್ಗುತ್ತದೆ.

ನಮಗೆ ಇದರಿಂದ ಏನು? ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು ಸುಮಾರು 12ರಿಂದ 18 ಗಂಟೆ. ಅದು ಕಣ್ತಪ್ಪಿದರೆ ಇನ್ನೂ ಮೂರು ವಾರ ಕಾಯಬೇಕು, ಕರು ತಡ, ಹಾಲೂ ತಡ. ದೊಡ್ಡ ಡೈರಿ ಫಾರಂಗಳಲ್ಲಿ ಹಸುವಿನ ಕೊರಳಿಗೆ ಸೆನ್ಸರ್ ಪಟ್ಟಿ ಕಟ್ಟುತ್ತಾರೆ. ಅದು ಓಡಾಟ, ಮೆಲುಕು ಲೆಕ್ಕ ಹಾಕಿ, ಅದೇ ಹಸುವಿನ ಹಿಂದಿನ ದಿನಗಳ ಜೊತೆ ಹೋಲಿಸುತ್ತದೆ. ಆ ಲೆಕ್ಕ ದಿನಾ ಮೇವು ಹಾಕುವ ನಮ್ಮ ತಾಯಂದಿರ ಕಣ್ಣಲ್ಲೇ ಇದೆ. ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿದರೆ ಸಾಕು.

ಮೇವು ಬಿಟ್ಟ ದಿನ ಕೂಗಾಟ, ಲೋಳೆ, ಬೇರೆ ಹಸು ಹತ್ತಿದರೆ ಸುಮ್ಮನೆ ನಿಲ್ಲುವುದು ಇವೆಯೇ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಿ. ಜ್ವರ, ಹೊಟ್ಟೆಯುಬ್ಬರ ಇದ್ದರೆ, ಮರುದಿನವೂ ಮೇವು ಮುಟ್ಟದಿದ್ದರೆ ಪಶುವೈದ್ಯರನ್ನು ಕರೆಯಿರಿ.

ಇನ್ನೊಂದು ಮಾತು. ಹೆಣ್ಣುಮಕ್ಕಳಲ್ಲೂ ತಿಂಗಳ ನಡುವೆ ಹಸಿವು ತುಸು ತಗ್ಗುವುದು, ಮುಟ್ಟಿನ ಮುಂಚೆ ತುಸು ಹೆಚ್ಚುವುದು ಉಂಟು. ಮಗಳು ಒಂದು ದಿನ ತಟ್ಟೆಯಲ್ಲಿ ಮುದ್ದೆ ಬಿಟ್ಟರೆ, ಇನ್ನೊಂದು ದಿನ ಎರಡನೇ ಸಲ ಕೇಳಿದರೆ ಗದರಬೇಡಿ, ಬಡಿಸಿ. ಇದನ್ನು ಮನೆಯಲ್ಲಿ ಅಪ್ಪಂದಿರೂ ತಿಳಿದಿರಲಿ.